ಹೃದಯದ ವೇಗ ಬೇರೆ, ಮೂಳೆಯ ವೇಗ ಬೇರೆ

ಓಟ ಶುರು ಮಾಡಿದವರ ಮೈಯಲ್ಲಿ ಮೊದಲು ಬದಲಾಗುವುದು ರಕ್ತ. ಒಂದೆರಡು ವಾರದೊಳಗೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಮೊದಲ ದಿನ ಏದುಸಿರು ತರಿಸಿದ ಏರನ್ನು ಹದಿನೈದನೇ ದಿನ ಮಾತಾಡುತ್ತಲೇ ಹತ್ತುತ್ತೀರಿ. ಸ್ನಾಯು ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗೆ, ಅಂದರೆ ಸ್ನಾಯುರಜ್ಜಿಗೆ, ತಿಂಗಳುಗಳೇ ಬೇಕು. ಮೂಳೆಯ ದಾರಿ ಇನ್ನೂ ಬೇರೆ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಈ ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು. ನಡುವೆ ಕೆಲವು ವಾರ ಆ ಜಾಗ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ ಹೆಸರು ಕೊಟ್ಟವರು, ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೊದಲ ಅರ್ಧ ಮ್ಯಾರಥಾನ್‌ಗೆ ಹೊರಟವರು, ಬಹುಪಾಲು ಓಟಕ್ಕೆ ಎರಡು ತಿಂಗಳಿರುವಾಗ ಅಭ್ಯಾಸ ಶುರು ಮಾಡುತ್ತಾರೆ. ಐದಾರು ವಾರಕ್ಕೆ ಉಸಿರು ಹಗುರ, ಕಾಲು ಹಗುರ, ಮನಸ್ಸಿಗೆ ಹುರುಪು. ‘ಇಷ್ಟು ಸಲೀಸಾಗಿದೆಯಲ್ಲ, ಈ ಭಾನುವಾರ ಎಂಟರ ಬದಲು ಹದಿನಾಲ್ಕು ಕಿಲೋಮೀಟರ್ ಓಡೋಣ’ ಅನ್ನಿಸುವುದು ಆಗಲೇ. ಮೂಳೆ ಅರ್ಧ ಕರಗಿ, ಅರ್ಧ ಕಟ್ಟಿಕೊಂಡು ನಿಂತಿರುವುದೂ ಆಗಲೇ. ಗಾಯವಾದವರು ಸೋಮಾರಿಗಳೂ ಅಲ್ಲ, ದುರದೃಷ್ಟವಂತರೂ ಅಲ್ಲ. ತಮ್ಮ ಉಸಿರು ಹೇಳಿದ ಮಾತನ್ನು ನಂಬಿದವರು, ಅಷ್ಟೇ. ಉಸಿರು ಮೂಳೆಯ ಪರವಾಗಿ ಮಾತಾಡಲಾರದು.

ಒಂದು ಲೆಕ್ಕ ಹೇಳುತ್ತೇನೆ. 35 ನಿಮಿಷದಲ್ಲಿ 5 ಕಿಲೋಮೀಟರ್ ಓಡುವವರು ನಿಮಿಷಕ್ಕೆ ಸುಮಾರು 170 ಹೆಜ್ಜೆ ಇಟ್ಟರೆ ಒಟ್ಟು ಆರು ಸಾವಿರ ಹೆಜ್ಜೆ, ಒಂದು ಕಾಲಿಗೆ ಮೂರು ಸಾವಿರ. ಪ್ರತಿ ಸಲ ನೆಲದಿಂದ ಕಾಲಿಗೆ ಬರುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ಆರರಿಂದ ಎಂಟು ಪಟ್ಟು ಎಳೆತ ತಾಳಬೇಕು. 60 ಕಿಲೋ ತೂಕದವರಿಗೆ ಅದು ಸುಮಾರು 400 ಕಿಲೋ, ಮೂರು ಸಾವಿರ ಸಲ. ಮೈ ಇದನ್ನು ತಾಳುತ್ತದೆ, ತಾಳುವ ಹಾಗೆಯೇ ಅದರ ರಚನೆಯಿದೆ. ಒಂದೇ ವಾರದಲ್ಲಿ ಮೂರು ಸಾವಿರವನ್ನು ಎಂಟು ಸಾವಿರ ಮಾಡಿದರೆ ಮಾತ್ರ ತಾಳುವುದಿಲ್ಲ.

ಅಕಿಲಿಸ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನನ್ನ ಕಸುಬಾದ ಫಿಸಿಯೋಥೆರಪಿಯ ಇಡೀ ತತ್ತ್ವ ಈ ಒಂದು ಟೆಂಡನ್‌ನಲ್ಲಿ ಕಾಣುತ್ತದೆ. ಅದಕ್ಕೆ ತೊಂದರೆಯಾದರೆ ಬೆಳಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳು ಬಿಗಿ, ನೋವು. ಬಚ್ಚಲುಮನೆಗೆ ಹೋಗಿ ಬರುವಷ್ಟರಲ್ಲಿ ಸಡಿಲ. ಓಟದ ಮೊದಲ ಕಿಲೋಮೀಟರ್ ನೋವು, ಎರಡನೆಯದರಲ್ಲಿ ಇಲ್ಲ, ಮಾರನೇ ಬೆಳಗ್ಗೆ ಮತ್ತೆ ಹಾಜರ್. ಹೆಚ್ಚಿನವರು ಮಾಡುವುದೇನು? ಎರಡು ವಾರ ಓಟ ನಿಲ್ಲಿಸುತ್ತಾರೆ. ನೋವು ಹೋಗುತ್ತದೆ. ಮತ್ತೆ ಓಡುತ್ತಾರೆ, ನೋವು ಬರುತ್ತದೆ. ಈ ಸಲ ನಾಲ್ಕು ವಾರ ನಿಲ್ಲಿಸುತ್ತಾರೆ. ವಿಶ್ರಾಂತಿಯಲ್ಲಿ ನೋವು ಇಳಿಯುವುದು ನಿಜ, ಆದರೆ ಟೆಂಡನ್‌ನ ಶಕ್ತಿಯೂ ಇಳಿಯುತ್ತದೆ. ಮರಳಿ ಬಂದಾಗ ಅದೇ 5 ಕಿಲೋಮೀಟರ್ ಅದಕ್ಕೆ ಮೊದಲಿಗಿಂತ ಭಾರ. ಹೀಗೆ ಎರಡು ವರ್ಷ ಕಳೆದವರಿದ್ದಾರೆ.

ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಪ್ರಕಟಿಸಿದರು. ಬಹುಕಾಲದ ಅಕಿಲಿಸ್ ನೋವಿದ್ದ 15 ಹವ್ಯಾಸಿ ಕ್ರೀಡಾಪಟುಗಳಿಗೆ ಅವರು ವಿಶ್ರಾಂತಿಯ ಬದಲು ಭಾರ ಕೊಟ್ಟರು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು: ಮಂಡಿ ನೇರ ಇಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಮಡಚಿ 15ರಂತೆ ಮೂರು ಸಲ. ದಿನಕ್ಕೆರಡು ಹೊತ್ತು, ವಾರದ ಏಳೂ ದಿನ, 12 ವಾರ. ದಿನಕ್ಕೆ 180 ಸಲ ಆಯಿತು. ಹಗುರವಾದಾಗ ಬೆನ್ನುಚೀಲದಲ್ಲಿ ತೂಕ. ಹದಿನೈದೂ ಜನ ಹಿಂದಿನ ಮಟ್ಟದ ಓಟಕ್ಕೆ ಮರಳಿದರು.

ಈಗ ಅಷ್ಟು ಸಲ ಮಾಡಿಸಬೇಕಾಗಿಲ್ಲ. ಕಡಿಮೆ ಸಲ, ಹೆಚ್ಚು ತೂಕ, ತೀರಾ ನಿಧಾನ, ವಾರಕ್ಕೆ ಮೂರೇ ದಿನ ಮಾಡಿದರೂ ಅಷ್ಟೇ ಫಲ ಸಿಗುತ್ತದೆಂದು 2015ರ ಡೆನ್ಮಾರ್ಕಿನ ಪ್ರಯೋಗವೊಂದು ತೋರಿಸಿತು. ಮನೆಯಲ್ಲಿ ಮಾಡುವ ಕ್ರಮ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಗೋಡೆ ಹಿಡಿದು ಎರಡೂ ಕಾಲಿನ ತುದಿಯ ಮೇಲೆ ಏಳಿ: ಏಳಲು ಮೂರು ಎಣಿಕೆ, ಇಳಿಯಲು ಮೂರು ಎಣಿಕೆ. 15ರಂತೆ ಮೂರು ಸುತ್ತು, ಸುತ್ತುಗಳ ನಡುವೆ ಎರಡು ನಿಮಿಷ ಬಿಡುವು. ಇದು ಸಲೀಸಾದ ಮೇಲೆ ಒಂಟಿ ಕಾಲಿನಲ್ಲಿ. ಅದೂ ಸಲೀಸಾದ ಮೇಲೆ ಬೆನ್ನುಚೀಲಕ್ಕೆ ಐದು ಕಿಲೋ ಅಕ್ಕಿ ಹಾಕಿ, ಸಲಗಳನ್ನು ಹತ್ತಕ್ಕೆ ಇಳಿಸಿ. ಆಮೇಲೆ ಹತ್ತು ಕಿಲೋ, ಎಂಟು ಸಲ. ಮಂಡಿ ನೇರವಿದ್ದಾಗ ಮೀನಖಂಡದ ಮೇಲ್ಪದರದ ಸ್ನಾಯು ಹೆಚ್ಚು ದುಡಿಯುತ್ತದೆ. ಮಂಡಿ ಮಡಚಿದರೆ ಹೆಚ್ಚಿನ ಕೆಲಸ ಒಳಪದರದ ಸೋಲಿಯಸ್ ಸ್ನಾಯುವಿಗೆ. ದೂರದ ಓಟದಲ್ಲಿ ದೊಡ್ಡ ಹೊರೆ ಸೋಲಿಯಸ್‌ದೇ. ಆದರೂ ಮಂಡಿ ಮಡಚಿ ಮಾಡುವುದನ್ನೇ ಜನ ಬಿಟ್ಟುಬಿಡುತ್ತಾರೆ, ಏಕೆಂದರೆ ಅದು ನೋಡಲು ಸೊಗಸಲ್ಲ, ಬೇಗ ಸುಸ್ತಾಗುತ್ತದೆ. ಒಂದು ಎಚ್ಚರಿಕೆ: ನೋವು ಟೆಂಡನ್ ಹಿಮ್ಮಡಿಗೆ ಅಂಟಿಕೊಳ್ಳುವ ತುದಿಯಲ್ಲೇ ಇದ್ದರೆ ಮೆಟ್ಟಿಲಿನಂಚಿನಿಂದ ಕೆಳಗಿಳಿಸಬೇಡಿ. ಸಮನೆಲದಲ್ಲೇ ಮಾಡಿ. ಹಿಮ್ಮಡಿ ಕೆಳಗಿಳಿದಾಗ ಮೂಳೆ ಆ ಜಾಗವನ್ನು ಒತ್ತುತ್ತದೆ, ನೋವು ಕೆರಳುತ್ತದೆ.

ನೋವಿದ್ದರೂ ಮಾಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಕರಿನ್ ಸಿಲ್ಬರ್‌ನಾಗೆಲ್ ಎಂಬ ಫಿಸಿಯೋಥೆರಪಿಸ್ಟ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವನ್ನು ಅಳೆಯುತ್ತಾ ಓಟ ಮುಂದುವರಿಸಿದವರು ಮೊದಲ ಆರು ವಾರ ನಿಲ್ಲಿಸಿದವರಷ್ಟೇ ಚೆನ್ನಾಗಿ ಸುಧಾರಿಸಿದರು. ನಿಯಮ ಸರಳ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಐದನ್ನು ದಾಟಬಾರದು. ಮಾರನೇ ಬೆಳಗ್ಗೆಯ ಹೊತ್ತಿಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ಬೆಳಗಿನ ಬಿಗಿತ ಹೆಚ್ಚಬಾರದು. ಓಡುವಾಗಿನ ನೋವಿಗಿಂತ ಮಾರನೇ ಬೆಳಗಿನ ಮೊದಲ ಹತ್ತು ಹೆಜ್ಜೆ ನಿಜ ಹೇಳುತ್ತವೆ.

ಇಲ್ಲೊಂದು ಪಕ್ಕದ ಮಾತು, ನನಗೆ ಬಹಳ ಇಷ್ಟವಾದದ್ದು. 1955ರಿಂದ 1963ರವರೆಗೆ ವಾತಾವರಣದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಿತು. ಅದು ಗಿಡಕ್ಕೆ, ಅನ್ನಕ್ಕೆ, ಮನುಷ್ಯರ ಮೈಗೆ ಸೇರಿತು. ಮೈಯ ಒಂದು ಭಾಗ ಯಾವಾಗ ಕಟ್ಟಿಕೊಂಡಿತೆಂದು ಅದರ ಪ್ರಮಾಣ ಹೇಳುತ್ತದೆ. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಆ ಗುರುತನ್ನು ಅಕಿಲಿಸ್ ಟೆಂಡನ್‌ನಲ್ಲಿ ಹುಡುಕಿದರು. ಟೆಂಡನ್‌ನ ತಿರುಳು ಹದಿನೇಳರ ವಯಸ್ಸಿನವರೆಗೆ ಕಟ್ಟಿಕೊಳ್ಳುತ್ತದೆ, ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲವೆಂದು ಕಂಡಿತು. ಅಂದರೆ ಐವತ್ತರಲ್ಲಿ ನಿಮ್ಮನ್ನು ಓಡಿಸುತ್ತಿರುವ ಟೆಂಡನ್‌ನ ತಿರುಳು ನೀವು ಹೈಸ್ಕೂಲು, ಪಿಯುಸಿ ಓದುವಾಗ ತಯಾರಾದದ್ದು. ಹುಡುಗ ಹುಡುಗಿಯರು ಕುಂಟೆಬಿಲ್ಲೆ ಆಡಬೇಕು, ಕಬಡ್ಡಿ ಆಡಬೇಕು, ಹಗ್ಗ ಜಿಗಿಯಬೇಕು ಎಂದು ಹಟ ಹಿಡಿದು ಹೇಳುವುದಕ್ಕೆ ನನಗೆ ಇದೊಂದೇ ಕಾರಣ ಸಾಕು. ಹತ್ತನೇ ತರಗತಿ ಬಂತೆಂದು ಆಟ ಬಿಡಿಸುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಯೋಚಿಸಬೇಕು.

ಮೂಳೆಗೆ ಮಾತ್ರ ಮೇಲಿನ ನೋವಿನ ನಿಯಮ ಸಲ್ಲದು. ಅಲ್ಲಿ ಒಪ್ಪಬಹುದಾದ ನೋವು ಸೊನ್ನೆ. ಮಂಡಿಯ ಕೆಳಗೆ ಕಾಲಿನ ಒಳಬದಿಯ ಮೂಳೆಯುದ್ದಕ್ಕೂ ಬೆರಳಿನಿಂದ ಒತ್ತಿ ನೋಡಿ. ಐದು ಸೆಂಟಿಮೀಟರ್ ಅಥವಾ ಅದಕ್ಕೂ ಉದ್ದಕ್ಕೆ ಹರಡಿದ ನೋವಾದರೆ ಸಾಮಾನ್ಯವಾಗಿ ಅದು ಓಟಗಾರರು ಶಿನ್ ಸ್ಪ್ಲಿಂಟ್ ಅನ್ನುವ ತೊಂದರೆ. ಓಟ ಇಳಿಸಿ ಸಂಭಾಳಿಸಬಹುದು. ಒಂದೇ ಬೆರಳು ಮುಚ್ಚುವಷ್ಟು ಜಾಗದಲ್ಲಿ ಚುರುಕ್ಕೆಂದರೆ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ಅಲ್ಲೇ ಕುಕ್ಕಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಅದು ಮೂಳೆಯ ಬಿರುಕಿರಬಹುದು, ಓಟವನ್ನು ಅಂದೇ ನಿಲ್ಲಿಸಿ. ಮೊದಲ ವಾರಗಳಲ್ಲಿ ಎಕ್ಸ್-ರೇಯಲ್ಲಿ ಬಿರುಕು ಕಾಣದಿರಬಹುದು. ‘ಎಕ್ಸ್-ರೇ ನಾರ್ಮಲ್’ ಎಂದು ಓಡಿದವರಲ್ಲಿ ಬಿರುಕು ಪೂರ್ತಿ ಮುರಿತವಾದದ್ದುಂಟು. ಇಂಥಲ್ಲಿ ಎಂಆರ್‌ಐ ಬೇಕು. ತೊಡೆಸಂದಿನ ಆಳದಲ್ಲಿ ನೋವು ಬಂದು ಕಾಲೂರಲು ಆಗದಿದ್ದರೆ ಇನ್ನೂ ತುರ್ತು, ಏಕೆಂದರೆ ತೊಡೆಮೂಳೆಯ ಕತ್ತು ಮುರಿದರೆ ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು.

ಮೂಳೆ ಬಿರುಕು ಬಂದವರನ್ನು ಮೊದಲು ಕೇಳಬೇಕಾದ್ದು ಶೂ ಬಗ್ಗೆ ಅಲ್ಲ, ಊಟದ ಬಗ್ಗೆ. ಓಟಕ್ಕೆ ಖರ್ಚಾದದ್ದು ಕಳೆದ ಮೇಲೆ ಮೈಯ ಉಳಿದ ಕೆಲಸಕ್ಕೆ ಎಷ್ಟು ಶಕ್ತಿ ಉಳಿಯಿತು ಎನ್ನುವುದು ಲೆಕ್ಕ. ಅದು ಬಹುಕಾಲ ಕಡಿಮೆಯಿದ್ದರೆ ಮೈ ಮೂಳೆ ಕಟ್ಟುವುದನ್ನು ಮುಂದೂಡುತ್ತದೆ, ಮುಟ್ಟನ್ನು ನಿಲ್ಲಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟಿತು. ಗಂಡಸರಿಗೂ ಬರುತ್ತದೆ. ಮೂರು ತಿಂಗಳು ಮುಟ್ಟಾಗಲಿಲ್ಲವೆಂದರೆ ‘ಓಡ್ತೀನಲ್ಲ, ಅದಕ್ಕೆ’ ಎಂದು ಸುಮ್ಮನಿರಬೇಡಿ ಅಕ್ಕಂದಿರೇ, ವೈದ್ಯರನ್ನು ಕಾಣಿ. ನಸುಕಿನಲ್ಲಿ ಬರೀ ಕಾಫಿ ಕುಡಿದು 18 ಕಿಲೋಮೀಟರ್ ಓಡಿ, ಹತ್ತು ಗಂಟೆಗೆ ಎರಡು ಇಡ್ಲಿ ತಿಂದು, ಸಂಜೆ ತೂಕ ನೋಡಿಕೊಳ್ಳುವುದು ಆರೋಗ್ಯವಲ್ಲ. ಓಡುವ ಮುಂಚೆ ಬಾಳೆಹಣ್ಣು, ಓಡಿದ ಒಂದು ಗಂಟೆಯೊಳಗೆ ಸರಿಯಾದ ಊಟ ಇರಲಿ. ರಾಗಿ ಮುದ್ದೆ ಬೇಳೆಸಾರು ಉಣ್ಣುವವರು ಅದನ್ನು ಓಟ್ಸ್‌ಗಾಗಿ ಬಿಡಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ.

ಇನ್ನು ಚಿಕಿತ್ಸೆಯ ಲೋಕಕ್ಕೆ ಬರೋಣ. ಬೆನ್ನುನೋವು ಬಂದ ವಾರದಲ್ಲೇ ಸ್ಕ್ಯಾನ್, ಸ್ಕ್ಯಾನ್‌ನಲ್ಲಿ ‘ಡಿಸ್ಕ್ ಸವೆದಿದೆ’ ಎಂಬ ವರದಿ, ವರದಿ ಓದಿ ಭಯ, ಭಯದಿಂದ ಹಾಸಿಗೆ. ಇದು ನಮ್ಮ ಊರುಗಳಲ್ಲಿ ದಿನವೂ ನಡೆಯುತ್ತಿದೆ. ಬೆನ್ನುನೋವು ಇಲ್ಲವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದಿದೆ. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವಕಳಿ ಇತ್ತು, ಎಂಬತ್ತರಲ್ಲಿ ಶೇ. 96 ಮಂದಿಗೆ. ಇವರಾರಿಗೂ ನೋವಿರಲಿಲ್ಲ, ನೆನಪಿಡಿ. ಸ್ಕ್ಯಾನ್ ಬೇಕಾದ ಸಂದರ್ಭಗಳಿವೆ: ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ. ಆಗ ತಡಮಾಡಬಾರದು.

ನಮ್ಮ ಕಸುಬಿನವರಿಗೂ ಒಂದು ಮಾತು ಹೇಳಲೇಬೇಕು. ಹತ್ತು ದಿನದ ಪ್ಯಾಕೇಜ್ ತೆಗೆದುಕೊಂಡು, ದಿನಾ ಹೋಗಿ ಮಲಗಿ, ‘ಕರೆಂಟ್ ಇಡಿಸಿಕೊಂಡು’ ಬರುವುದೇ ಫಿಸಿಯೋಥೆರಪಿ ಎಂದು ಜನ ತಿಳಿದಿದ್ದರೆ ಅದು ಜನರ ತಪ್ಪಲ್ಲ. ಆ ಯಂತ್ರ ಕೆಲವರಿಗೆ ಕೆಲಹೊತ್ತು ನೋವು ತಗ್ಗಿಸುತ್ತದೆ, ಸ್ನಾಯುವಿಗೆ ಬಲ ಕೊಡುವುದಿಲ್ಲ. ಬಲ ಬರುವುದು ನೀವು ಎತ್ತಿದ ಭಾರದಿಂದ ಮಾತ್ರ. ಆದ್ದರಿಂದ ಮುಂದಿನ ಸಲ ಫಿಸಿಯೋ ಬಳಿ ಹೋದಾಗ ಕೇಳಿ: ಮನೆಯಲ್ಲಿ ಯಾವ ವ್ಯಾಯಾಮ, ಎಷ್ಟು ಭಾರ, ಎಷ್ಟು ಸಲ, ವಾರಕ್ಕೆ ಎಷ್ಟು ದಿನ, ಯಾವ ಗುರುತು ಕಂಡರೆ ಹೆಚ್ಚಿಸಬೇಕು, ಯಾವ ಗುರುತು ಕಂಡರೆ ಇಳಿಸಬೇಕು. ಒಳ್ಳೆಯವರು ಸಂತೋಷದಿಂದ ಬರೆದುಕೊಡುತ್ತಾರೆ. ಮಾತ್ರೆಚೀಟಿಯಲ್ಲಿ ಮಿಲಿಗ್ರಾಂ ಬರೆಯದೆ ಬಿಡುತ್ತಾರೆಯೇ? ವ್ಯಾಯಾಮಕ್ಕೂ ಪ್ರಮಾಣ ಬರೆಯಬೇಕು.

ಓಡಿದರೆ ಮಂಡಿ ಸವೆಯುತ್ತದೆ ಎನ್ನುವುದು ಇನ್ನೊಂದು ಭಯ. 2017ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಮಂಡಿ, ಸೊಂಟದ ಕೀಲು ಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ಸ್ಪರ್ಧೆಯೇ ಬದುಕಾದ ಓಟಗಾರರಲ್ಲಿ ಶೇ. 13.3 ಇತ್ತು. ಮಂಡಿಚಿಪ್ಪಿನ ಸುತ್ತ ನೋಯುವ ಓಟಗಾರರು ಹೆಜ್ಜೆಯನ್ನು ಗಿಡ್ಡ ಮಾಡಿ ನೋಡಲಿ. ಅದೇ ವೇಗದಲ್ಲಿ ನಿಮಿಷಕ್ಕೆ 160 ಹೆಜ್ಜೆ ಇದ್ದದ್ದನ್ನು 168ರಿಂದ 176ಕ್ಕೆ ತಂದರೆ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ. ಸ್ವಲ್ಪ ಹೊರೆ ಮೀನಖಂಡಕ್ಕೆ ಹೋಗುತ್ತದೆ, ಅದಕ್ಕೇ ಎರಡನ್ನೂ ಒಟ್ಟಿಗೆ ತಯಾರು ಮಾಡಬೇಕು.

ಕರ್ನಾಟಕದಲ್ಲಿ ಸಹನೆಯ ಕ್ರೀಡೆ ಎಂದರೆ ನೆನಪಾಗುವುದು ಮಲೆನಾಡಿನ ಕಾಫಿ ತೋಟದ ಅಲ್ಟ್ರಾ ಓಟ (ಮ್ಯಾರಥಾನ್‌ಗಿಂತ ಉದ್ದದ ಓಟ), ಶ್ರೀರಂಗಪಟ್ಟಣದ ನಾಲೆ ಏರಿಯ ಮ್ಯಾರಥಾನ್. ಆದರೆ ಇವೆಲ್ಲಕ್ಕಿಂತ ದೊಡ್ಡದು ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ಹೊರಡುವ ಪಾದಯಾತ್ರೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರವನ್ನು ಒಂದು ವಾರದಲ್ಲಿ ನಡೆಯುವ ಸಾವಿರಾರು ಜನರಲ್ಲಿ ಬಹುಪಾಲು ಮಂದಿ ಒಂದು ದಿನವೂ ಅಭ್ಯಾಸ ಮಾಡಿರುವುದಿಲ್ಲ. ಭಕ್ತಿಯನ್ನು ನಾನು ಅಳೆಯಲಾರೆ, ಕಾಲನ್ನು ಅಳೆಯಬಲ್ಲೆ. ದಿನಕ್ಕೆ 40 ಕಿಲೋಮೀಟರ್ ನಡೆಯಬೇಕಾದವರು ಎಂಟು ಹತ್ತು ವಾರ ಮುಂಚೆಯೇ ಶುರು ಮಾಡಲಿ. ವಾರಕ್ಕೆ ನಾಲ್ಕು ದಿನ ಒಂದು ಗಂಟೆ ನಡಿಗೆ, ಭಾನುವಾರ 10 ಕಿಲೋಮೀಟರ್, ಅದು ವಾರಕ್ಕೆ ಎರಡು ಮೂರರಂತೆ ಏರಿ 25 ಮುಟ್ಟಲಿ, ಪ್ರತಿ ನಾಲ್ಕನೇ ವಾರ ಸ್ವಲ್ಪ ಇಳಿಯಲಿ. ಕೊನೆಗೊಮ್ಮೆ ಶನಿವಾರ ಭಾನುವಾರ ಎರಡೂ ದಿನ ಬೆನ್ನುಬೆನ್ನಿಗೆ 20. ಎರಡನೇ ದಿನದ ಕಾಲು ಹೇಗಿರುತ್ತದೆ ಎನ್ನುವುದು ಮನೆಯಲ್ಲೇ ಗೊತ್ತಾಗಲಿ. ಯಾತ್ರೆಗೆಂದು ಹೊಸ ಚಪ್ಪಲಿ, ಹೊಸ ಶೂ ಕೊಳ್ಳಬೇಡಿ. ಕಾಲು ನಡೆದು ಊದಿಕೊಳ್ಳುವುದರಿಂದ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗವಿರಬೇಕು. ಬೊಕ್ಕೆ ಏಳುವುದು ಒದ್ದೆ ಚರ್ಮ ಒಂದೇ ಜಾಗದಲ್ಲಿ ಎಳೆದಾಡುವುದರಿಂದ. ಎರಡು ಮೂರು ಗಂಟೆಗೊಮ್ಮೆ ಕಾಲು ಒಣಗಿಸಿ, ಕಾಲುಚೀಲ ಬದಲಿಸಿ. ಚರ್ಮ ಬಿಸಿಯಾಗಿ ಉರಿಯುವಾಗಲೇ ಟೇಪ್ ಹಚ್ಚಿ. ಗುಳ್ಳೆ ಎದ್ದ ಮೇಲೆ ಮೇಲಿನ ಚರ್ಮ ಕಿತ್ತುಹಾಕಬೇಡಿ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ‘ಇನ್ನು ಇಳಿಜಾರು, ಸುಲಭ’ ಎಂದುಕೊಳ್ಳುತ್ತಾರೆ. ಉಸಿರಿಗೆ ಸುಲಭ, ತೊಡೆಗಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು, ಸ್ನಾಯುವಿನ ಎಳೆಗಳು ಹೆಚ್ಚು ಹರಿಯುವುದು ಆ ಕೆಲಸದಲ್ಲೇ. ಒಂದೆರಡು ದಿನಕ್ಕೆ ನೋವು ನೆತ್ತಿಗೇರುತ್ತದೆ. ಅದು ತಾನಾಗಿ ಇಳಿಯುತ್ತದೆ. ಆದರೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದರ್ಥ, ಅಂದೇ ಆಸ್ಪತ್ರೆಗೆ ಹೋಗಬೇಕು. ಇದನ್ನು ಇನ್ನಷ್ಟು ಕೆಡಿಸುವುದು ನಡೆಯುತ್ತಲೇ ನುಂಗುವ ನೋವಿನ ಮಾತ್ರೆ. ಅಲ್ಟ್ರಾ ಓಟಗಾರರಿಗೆ ಐಬುಪ್ರೊಫೆನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂತ್ರಪಿಂಡಕ್ಕೆ ತಾತ್ಕಾಲಿಕ ಪೆಟ್ಟು ಬಿದ್ದದ್ದು ಐಬುಪ್ರೊಫೆನ್ ನುಂಗಿದವರಲ್ಲಿ ಶೇ. 52, ಹುಸಿ ಮಾತ್ರೆಯವರಲ್ಲಿ ಶೇ. 34 ಮಂದಿಗೆ. ಡೈಕ್ಲೋಫೆನಾಕ್ ಕೂಡ ಅದೇ ಗುಂಪಿನ ಮದ್ದು.

ನೀರಿನ ವಿಷಯದಲ್ಲಿ ಎರಡೂ ಕಡೆ ತಪ್ಪಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಗೆ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಓಟದ ಕೊನೆಗೆ ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಹೆಚ್ಚು. ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ದರು. ಬಾಯಾರಿದಾಗ ಕುಡಿಯಿರಿ, ದೂರದ ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಿಸಿಲಲ್ಲಿ ಓಡುವಾಗ ಕುಸಿದು ತಡವರಿಸಿ ಮಾತಾಡುವವರನ್ನು ಕಂಡರೆ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಲೇ ತಣ್ಣೀರಿನಲ್ಲಿ ಕೂರಿಸಿ. ತೊಟ್ಟಿ ಇಲ್ಲದಿದ್ದರೆ ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ. ಮೊದಲು ತಂಪು, ಆಮೇಲೆ ಸಾಗಣೆ. ಆ ಮೊದಲ ಅರ್ಧ ಗಂಟೆ ಜೀವ ಉಳಿಸುತ್ತದೆ.

ಇಷ್ಟು ಹೊತ್ತು ಓಡುವವರ ಮಾತಾಯಿತು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ‘ನಮಗೇನಿದೆ’ ಅಂದುಕೊಂಡಿರಬಹುದು. ಎಲ್ಲಕ್ಕಿಂತ ಹೆಚ್ಚು ನಿಮಗೇ ಇದೆ. 5 ಕಿಲೋಮೀಟರ್ ಓಡುವವರಿಗೆ ಒಂದು ಕಾಲಿನ ಮೂರು ಸಾವಿರ ಹೆಜ್ಜೆ ಹೇಗೋ, ಎಪ್ಪತ್ತರ ಅಜ್ಜಿಗೆ ಕುರ್ಚಿಯಿಂದ ಏಳುವುದು ಹಾಗೆ. ಮೈ ಎರಡಕ್ಕೂ ಒಂದೇ ರೀತಿ ಉತ್ತರ ಕೊಡುತ್ತದೆ, ಪ್ರಮಾಣವಷ್ಟೇ ಬೇರೆ. ಮಂಡಿ ನೋವೆಂದು ಮೆಟ್ಟಿಲು ಬಿಟ್ಟು, ನೆಲ ಬಿಟ್ಟು, ಕೊನೆಗೆ ಅಂಗಳ ಬಿಟ್ಟವರ ತೊಡೆ ಕರಗುತ್ತದೆ. ತೊಡೆ ಕರಗಿದಾಗ ಮಂಡಿಗೆ ನೋವು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆ ಮಾತ್ರವಲ್ಲ, ವಾರಕ್ಕೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳಿದೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲ ಕಾಯುವ ಅಭ್ಯಾಸವನ್ನೂ ಸೇರಿಸಿದೆ. ನಮ್ಮಲ್ಲಿ ವಾಕಿಂಗ್ ಮಾಡುವವರು ಬಹಳ, ಭಾರ ಎತ್ತುವವರು ಕಡಿಮೆ.

ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿ. ಕೈಗಳಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಅರವತ್ತರಿಂದ ಅರವತ್ತನಾಲ್ಕರ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಕಡಿಮೆಯಿದೆ, ಬೀಳುವ ಅಪಾಯ ಹೆಚ್ಚಿದೆ. ಅದೇ ಪರೀಕ್ಷೆಯೇ ಮದ್ದು ಕೂಡ. ಎದ್ದೇಳಲು ಆಗುವುದೇ ಇಲ್ಲವೆನ್ನುವವರು ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಏಳಿ. ಹಿಂದಕ್ಕೆ ವಾಲಿಕೊಂಡೇ ಏಳಲು ಹೋಗುವುದರಿಂದಲೇ ಅರ್ಧ ಜನಕ್ಕೆ ಏಳಲಾಗುವುದಿಲ್ಲ. ಕೂರುವಾಗ ದೊಪ್ಪೆಂದು ಬೀಳದೆ ಮೂರು ಎಣಿಸುತ್ತಾ ಇಳಿಯಿರಿ. ಎಂಟು ಸಲ, ಎರಡು ನಿಮಿಷ ಬಿಡುವು, ಮತ್ತೆ ಎಂಟು, ಹೀಗೆ ಮೂರು ಸುತ್ತು, ಒಂದು ದಿನ ಬಿಟ್ಟು ಒಂದು ದಿನ. ಮಂಡಿ ಸ್ವಲ್ಪ ನೋಯಬಹುದು. ಮಾರನೇ ಬೆಳಗ್ಗೆ ಊತ ಬಂದಿದ್ದರೆ ಒಂದು ಸುತ್ತು ಇಳಿಸಿ, ಬಂದಿಲ್ಲದಿದ್ದರೆ ಮುಂದುವರಿಸಿ. ಹನ್ನೆರಡು ಸಲ ಸಲೀಸಾಗಿ ಆದ ವಾರ ಒಂದು ದಿಂಬು ತೆಗೆಯಿರಿ.